ಸೌಂಡ್‌ಪ್ರೂಫ್ ಗೋಡೆಗೆ ಅಕೌಸ್ಟಿಕ್ ಪ್ಯಾನೆಲ್ ಕೂರಿಸುವ ಕ್ರಮ: ಸ್ಕ್ರೂ ಉದ್ದದಿಂದ ಕೊನೆಯ ಪರೀಕ್ಷೆಯವರೆಗೆ

ಮನೆಯ ಒಂದು ಕೋಣೆಯನ್ನು ಸ್ಟುಡಿಯೋ ಮಾಡಿಕೊಳ್ಳುವವರು ಬಹುಪಾಲು ಒಂದೇ ಜಾಗದಲ್ಲಿ ಎಡವುತ್ತಾರೆ. ಎರಡು ಪದರ ಜಿಪ್ಸಮ್ ಬೋರ್ಡ್, ಹಿಂದೆ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು), ರಬ್ಬರ್ ಕ್ಲಿಪ್ಪು, ಬಾಗಿಲಿಗೆ ಸೀಲು, ಎಲ್ಲವೂ ಸರಿಯಾಗಿಯೇ ಆಗಿರುತ್ತದೆ. ಕೊನೆಯ ದಿನ ಪ್ಯಾನೆಲ್ ಹಾಕಲು ಬಂದವರು ಹ್ಯಾಮರ್ ಡ್ರಿಲ್ ಹಿಡಿದು ಹಿಂದಿನ ಬ್ಲಾಕ್ ಗೋಡೆಯವರೆಗೂ ಕೊರೆದು, ಪ್ಲಗ್ ತುರುಕಿ, 100 ಮಿ.ಮೀ. ಸ್ಕ್ರೂ ಬಿಗಿಯುತ್ತಾರೆ. ಪ್ಯಾನೆಲ್ ಬಂಡೆಯಂತೆ ನಿಲ್ಲುತ್ತದೆ. ಆದರೆ ಬೇಸ್ ಗಿಟಾರ್ ಸದ್ದು ಪಕ್ಕದ ಮನೆಗೆ ಮತ್ತೆ ಕೇಳಿಸತೊಡಗುತ್ತದೆ.

ಸೌಂಡ್‌ಪ್ರೂಫ್ ಗೋಡೆ ಕೆಲಸ ಮಾಡುವುದೇ ಒಳಗಿನ ಬೋರ್ಡು ಹಿಂದಿನ ಗೋಡೆಯನ್ನು ಗಟ್ಟಿಯಾಗಿ ಮುಟ್ಟದೆ ಇರುವುದರಿಂದ. ಉದ್ದನೆಯ ಸ್ಕ್ರೂ ಎರಡನ್ನೂ ಕಟ್ಟಿಹಾಕಿದರೆ ಬೋರ್ಡಿನ ಕಂಪನ ಆ ಲೋಹದ ಮೂಲಕ ನೇರ ಬ್ಲಾಕ್‌ಗೆ ಹರಿಯುತ್ತದೆ. ಹಾಗಾಗಿ ಇಲ್ಲಿನ ನಿಯಮ ಒಂದೇ: ಪ್ಯಾನೆಲ್‌ನ ಭಾರ ಒಳಗಿನ ಪದರದ ಮೇಲೆ ಮಾತ್ರ ನಿಲ್ಲಬೇಕು. ಸ್ಕ್ರೂ, ಆಂಕರ್ (ಬೋರ್ಡಿನಲ್ಲಿ ಸ್ಕ್ರೂ ಹಿಡಿದು ನಿಲ್ಲಲು ಹಾಕುವ ತುಂಡು), ಪಟ್ಟಿ ಯಾವುದೂ ಅದನ್ನು ದಾಟಿ ಹಿಂದಿನ ಗೋಡೆ ಮುಟ್ಟಬಾರದು. ಮುಂದಿನ ಹಂತಗಳೆಲ್ಲ ಈ ನಿಯಮ ಪಾಲಿಸುವ ದಾರಿಗಳು.

ಪ್ಯಾನೆಲ್ ಹಾಕುವುದು ಹೊರಗೆ ಹೋಗುವ ಸದ್ದನ್ನು ತಡೆಯಲು ಅಲ್ಲ. ಒಳಗಿನ ಪ್ರತಿಧ್ವನಿ ಮತ್ತು ಬೇಸ್ ಗುಂಯ್‌ಗುಡುವಿಕೆ ತಗ್ಗಿಸಲು. ಸದ್ದು ಹೊರಹೋಗದ ಬಿಗಿ ಕೋಣೆಯಲ್ಲಿ ಬೇಸ್ ಒಳಗೇ ಉಳಿಯುವುದರಿಂದ ಅಲ್ಲಿ ದಪ್ಪ ಪ್ಯಾನೆಲ್‌ಗಳ ಅಗತ್ಯ ಸಾಮಾನ್ಯ ಕೋಣೆಗಿಂತ ಹೆಚ್ಚು. ಈ ಬರಹದ ಲೆಕ್ಕಗಳನ್ನು ನಮ್ಮ ಊರುಗಳ ಮನೆಗಳಲ್ಲಿ ಸಾಮಾನ್ಯವಾದ 10×12 ಅಡಿ ಬೆಡ್‌ರೂಮಿಗೆ, 600×1200 ಮಿ.ಮೀ. ಅಳತೆಯ ರಾಕ್‌ವೂಲ್ ಪ್ಯಾನೆಲ್‌ಗಳಿಗೆ ಹಾಕಲಾಗಿದೆ.

## ಕೈಯಲ್ಲಿ ಇರಬೇಕಾದ ಸಾಮಾನು

ಸಾದಾ ಡ್ರಿಲ್ (ಹ್ಯಾಮರ್ ಮೋಡ್ ಆಫ್ ಮಾಡಿರಬೇಕು), ಬಿಗಿತ ಹೊಂದಿಸಬಹುದಾದ ಸ್ಕ್ರೂ ಡ್ರೈವರ್, ರಸಮಟ್ಟ, ಟೇಪು, ಪೆನ್ಸಿಲ್, ಪೇಂಟರ್ ಟೇಪ್, ಒಂದು ಬಲವಾದ ಸಣ್ಣ ಅಯಸ್ಕಾಂತ, ವಿದ್ಯುತ್ ಪತ್ತೆ ಮಾಡುವ ಟೆಸ್ಟರ್, ಗಟ್ಟಿಯಾಗದೆ ಮೆತ್ತಗೆ ಉಳಿಯುವ ಅಕೌಸ್ಟಿಕ್ ಸೀಲೆಂಟ್ ಮತ್ತು ಅದರ ಗನ್.

ಪ್ಯಾನೆಲ್ ನೇತುಹಾಕಲು ಗೋಡೆಗೆ ಬಿಗಿಯುವ ಪಟ್ಟಿಗಳಿಗೆ 12 ಮಿ.ಮೀ. ಬಿಡಬ್ಲ್ಯೂಆರ್ (ನೀರು ತಡೆಯುವ ದರ್ಜೆಯ) ಪ್ಲೈವುಡ್. ಎಂಡಿಎಫ್ ಬೇಡ; ಅಂಚಿನಲ್ಲಿ ಸ್ಕ್ರೂ ಹಿಡಿಯುವುದಿಲ್ಲ, ಮಳೆಗಾಲದಲ್ಲಿ ಉಬ್ಬುತ್ತದೆ. ರಾಕ್‌ವೂಲ್ ಮುಟ್ಟುವಾಗ ಎನ್95 ಮಾಸ್ಕ್, ಕೈಗವಸು, ತುಂಬು ತೋಳಿನ ಅಂಗಿ.

ಸ್ಕ್ರೂ ಕೊಳ್ಳುವಾಗ ಗಮನಿಸಿ: ಬೋರ್ಡನ್ನು ಹಿಡಿದಿರುವ ತೆಳು ಕಬ್ಬಿಣದ ಚಾನೆಲ್‌ಗೆ ಒತ್ತೊತ್ತಾದ ಎಳೆಯ ಸ್ಕ್ರೂ, ಮರಕ್ಕೆ ದೂರದೂರ ಎಳೆಯ ಸ್ಕ್ರೂ. ಅಂಗಡಿಯಲ್ಲಿ ಎರಡೂ ಕಪ್ಪಗೆ ಒಂದೇ ಥರ ಕಾಣುತ್ತವೆ. ಮರದ ಸ್ಕ್ರೂ ತೆಳು ತಗಡಿನಲ್ಲಿ ಕಚ್ಚದೆ ಸುಮ್ಮನೆ ತಿರುಗುತ್ತದೆ.

## ಹಂತ 1: ಗೋಡೆ ಯಾವ ಬಗೆಯದು ಎಂದು ಖಚಿತ ಮಾಡಿಕೊಳ್ಳಿ

ಇದು ತಿಳಿಯದೆ ಒಂದು ತೂತನ್ನೂ ಹಾಕಬೇಡಿ. ಗೋಡೆ ಕಟ್ಟುವಾಗ ತೆಗೆದ ಫೋಟೋ ಇದ್ದರೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಇಲ್ಲದಿದ್ದರೆ ಸಾಮಾನಿನ ಬಿಲ್ ನೋಡಿ. ಎರಡೂ ಇಲ್ಲವೆಂದರೆ ಮೇನ್ ಆಫ್ ಮಾಡಿ, ಒಂದು ಸ್ವಿಚ್ ಬಾಕ್ಸ್ ಬಿಚ್ಚಿ, ಫೋನಿಗೆ ಜೋಡಿಸುವ ಸಣ್ಣ ಎಂಡೋಸ್ಕೋಪ್ ಕ್ಯಾಮೆರಾವನ್ನು ಅಂಚಿನಿಂದ ಒಳಗೆ ಬಿಟ್ಟು ನೋಡಬಹುದು. ನೋಡಿಯಾದ ಮೇಲೆ ಬಾಕ್ಸ್‌ನ ಸುತ್ತ ಸೀಲೆಂಟ್ ಮತ್ತೆ ತುಂಬಿ.

ಮೊದಲ ಬಗೆ, ಪ್ರತ್ಯೇಕವಾಗಿ ನಿಂತ ಚೌಕಟ್ಟು. ಹಳೆಯ ಗೋಡೆಯಿಂದ 25ರಿಂದ 50 ಮಿ.ಮೀ. ದೂರದಲ್ಲಿ ಜಿಐ ಸ್ಟಡ್‌ಗಳು (ಸತು ಲೇಪಿತ ತಗಡಿನ ನೆಟ್ಟಗಿನ ಕಂಬಿಗಳು) ತಾವೇ ನಿಂತಿರುತ್ತವೆ, ಹಿಂದಿನ ಗೋಡೆಯನ್ನು ಮುಟ್ಟುವುದಿಲ್ಲ. ಇಲ್ಲಿ ಸ್ಟಡ್ ಕೂಡ ಒಳಗಿನ ಪದರದ ಭಾಗವೇ ಆದ್ದರಿಂದ ಅದಕ್ಕೆ ಸ್ಕ್ರೂ ಹೊಡೆದರೆ ಏನೂ ಕೆಡುವುದಿಲ್ಲ. ಕೆಲಸ ಸುಲಭ.

ಎರಡನೆಯದು ಕ್ಲಿಪ್ ಗೋಡೆ. ಬ್ಲಾಕ್ ಗೋಡೆಗೋ ಸ್ಟಡ್‌ಗೋ ರಬ್ಬರ್ ಕ್ಲಿಪ್ ಬಿಗಿದು, ಅದರ ಮೇಲೆ ಅಡ್ಡಡ್ಡ ಹ್ಯಾಟ್ ಚಾನೆಲ್ (ಟೋಪಿಯಾಕಾರದ ತಗಡಿನ ಪಟ್ಟಿ) ಕೂರಿಸಿ, ಅದಕ್ಕೆ ಬೋರ್ಡು. ಚಾನೆಲ್‌ನ ಆಳ ಸುಮಾರು 22 ಮಿ.ಮೀ.; ಬೋರ್ಡಿನ ಬೆನ್ನಿನಿಂದ ಹಿಂದಿನ ಗೋಡೆಗೆ ಒಟ್ಟು ಸುಮಾರು 41 ಮಿ.ಮೀ. ಹೆಚ್ಚು ಹಾಳಾಗುವ ಗೋಡೆ ಇದೇ.

ಮೂರನೆಯದು ರೆಸಿಲಿಯೆಂಟ್ ಚಾನೆಲ್, ಅಂದರೆ ಬೋರ್ಡಿಗೂ ಸ್ಟಡ್‌ಗೂ ನಡುವೆ ಕೂರುವ ತೆಳು ತಗಡಿನ ಪಟ್ಟಿ. ಇಲ್ಲಿ ಬೋರ್ಡಿನ ಹಿಂದೆ ಜಾಗ ಬರೀ 13 ಮಿ.ಮೀ. ಆಸುಪಾಸು. ಚಾನೆಲ್ಲೇ ಸ್ಪ್ರಿಂಗ್‌ನಂತೆ ಕೆಲಸ ಮಾಡುವುದರಿಂದ ಅದರ ಮೇಲೆ ಹೆಚ್ಚು ತೂಕ ಹೇರಬಾರದು. 5 ಕೆ.ಜಿ.ಗಿಂತ ಭಾರದ ಪ್ಯಾನೆಲ್‌ಗಳನ್ನು ಈ ಗೋಡೆಗೆ ನೇತುಹಾಕುವ ಯೋಚನೆ ಬಿಟ್ಟು ನೆಲದ ಸ್ಟ್ಯಾಂಡ್ ಮಾಡಿಕೊಳ್ಳಿ.

ನಾಲ್ಕನೆಯದು, ಬೋರ್ಡನ್ನು ನೇರವಾಗಿ ಗಿಲಾವಿನ ಮೇಲೆ ಅಂಟಿಸಿದ ಗೋಡೆ. ಇದರಲ್ಲಿ ಬೇರ್ಪಡಿಕೆಯೇ ಇಲ್ಲ. ಪ್ಲಗ್ ಹಾಕಿ ಸ್ಕ್ರೂ ಬಿಗಿಯಬಹುದು, ಕಳೆದುಕೊಳ್ಳುವುದು ಏನೂ ಇಲ್ಲ.

ಗೋಡೆ ಇನ್ನೂ ಮುಚ್ಚಿಲ್ಲವೆಂದರೆ ನೀವು ಅದೃಷ್ಟವಂತರು. ಎರಡು ಬೋರ್ಡುಗಳಲ್ಲಿ ಹಿಂದಿನದಕ್ಕೆ ಜಿಪ್ಸಮ್ ಬದಲು 12 ಮಿ.ಮೀ. ಪ್ಲೈವುಡ್ ಹಾಕಿಸಿ, ಅದರ ಮೇಲೆ ಜಿಪ್ಸಮ್. ಆಮೇಲೆ ಗೋಡೆಯ ಯಾವ ಮೂಲೆಯಲ್ಲಾದರೂ ಚಿಕ್ಕ ಸ್ಕ್ರೂ ಕಚ್ಚುತ್ತದೆ. ಮುಂದೆ ಬರುವ ಆಂಕರ್ ತಲೆನೋವು ಅರ್ಧಕ್ಕರ್ಧ ಮಾಯ.

## ಹಂತ 2: ತೂತು ಹಾಕುವ ಮೊದಲು ಅಳತೆ ಬರೆದಿಡಿ

ಪ್ಯಾನೆಲ್ ಹಾಕಿದ ಮೇಲೆ ಗೋಡೆ ಕೆಟ್ಟಿತೋ ಇಲ್ಲವೋ ಎಂದು ತಿಳಿಯಲು ಹಿಂದಿನ ಅಂಕಿ ಬೇಕು. ಇದನ್ನು ಬಿಡುವವರೇ ಹೆಚ್ಚು, ಆಮೇಲೆ ಊಹೆಯಲ್ಲಿ ವಾದ ಮಾಡುವವರೂ ಅವರೇ.

ಸ್ಪೀಕರ್‌ನಲ್ಲಿ 63 ಹರ್ಟ್ಸ್ ಮತ್ತು 125 ಹರ್ಟ್ಸ್ ಸುತ್ತಲಿನ ಪಿಂಕ್ ನಾಯ್ಸ್ (ಪರೀಕ್ಷೆಗೆ ಬಳಸುವ ಒಂದೇ ಸಮನೆಯ ಮೊರೆತ) ಹಾಕಿ, ಕೋಣೆಯ ನಡುವೆ ಸುಮಾರು 85 ಡೆಸಿಬಲ್ ಬರುವಂತೆ ಸದ್ದು ಹೊಂದಿಸಿ. ಗೋಡೆಯ ಆಚೆಬದಿ ಒಂದು ಜಾಗ ಗುರುತಿಸಿ, ಅಲ್ಲಿನ ಮಟ್ಟ ಬರೆದುಕೊಳ್ಳಿ. ಸದ್ದು ನಿಲ್ಲಿಸಿ ಅದೇ ಜಾಗದ ಹಿನ್ನೆಲೆ ಸದ್ದನ್ನೂ ಅಳೆಯಿರಿ. ಎರಡರ ನಡುವೆ 10 ಡೆಸಿಬಲ್ ಅಂತರ ಇಲ್ಲದಿದ್ದರೆ ಆ ಅಂಕಿಗೆ ಬೆಲೆ ಇಲ್ಲ, ಟ್ರಾಫಿಕ್ ಕಡಿಮೆ ಇರುವ ಹೊತ್ತು ನೋಡಿ ಮತ್ತೆ ಅಳೆಯಿರಿ. ಫೋನಿನ ಮೈಕ್ ಕೆಳಸ್ತರದ (ಬೇಸ್) ಸದ್ದನ್ನು ಸರಿಯಾಗಿ ಹಿಡಿಯುವುದಿಲ್ಲ. ಅಳತೆ ಮೈಕ್ ಸಿಕ್ಕರೆ ಉತ್ತಮ. ಇಲ್ಲವಾದರೆ ಮೊದಲೂ ಆಮೇಲೂ ಅದೇ ಫೋನ್, ಅದೇ ಜಾಗ, ಅದೇ ಎತ್ತರ.

ಒಳಗಿನ ಸ್ಥಿತಿ ತಿಳಿಯಲು ರೂಮ್ ಇಕ್ಯೂ ವಿಝರ್ಡ್ ಎಂಬ ಉಚಿತ ತಂತ್ರಾಂಶ ಸಾಕು. 10×12 ಅಡಿಯ ಕೋಣೆಯಲ್ಲಿ ಉದ್ದಕ್ಕೆ ಸುಮಾರು 47 ಹರ್ಟ್ಸ್, ಅಗಲಕ್ಕೆ ಸುಮಾರು 56 ಹರ್ಟ್ಸ್ ಸುತ್ತ ಗುಡುಗುಡು ಸದ್ದು ಉಬ್ಬಿ ಕಾಣುತ್ತದೆ.

ಬೋರ್ಡುಗಳ ನಡುವೆ ಗ್ರೀನ್ ಗ್ಲೂ ಥರದ ಡ್ಯಾಂಪಿಂಗ್ ಕಾಂಪೌಂಡ್ ಹಾಕಿಸಿದ್ದರೆ ಅದು ಪೂರ್ತಿ ಬಲಕ್ಕೆ ಬರಲು ಸುಮಾರು 30 ದಿನ ಬೇಕು. ಅದಕ್ಕೂ ಮೊದಲು ತೆಗೆದ ಅಳತೆಯನ್ನು ಆಮೇಲಿನದರೊಂದಿಗೆ ಹೋಲಿಸಬೇಡಿ.

## ಹಂತ 3: ಪ್ಯಾನೆಲ್‌ಗಳ ಜಾಗ ಗುರುತಿಸಿ

ಕೂರುವ ಜಾಗ ಮೊದಲು. ಸ್ಪೀಕರ್ ಹಿಂದಿನ ಗೋಡೆಯಿಂದ ಕೋಣೆಯ ಉದ್ದದ ಶೇ. 38ರಷ್ಟು ದೂರದಲ್ಲಿ ಕಿವಿ ಇರಲಿ. 12 ಅಡಿ ಉದ್ದಕ್ಕೆ ಅದು ಸುಮಾರು 1.4 ಮೀಟರ್. ಇದು ಆರಂಭದ ಬಿಂದು ಅಷ್ಟೇ, ಅಳತೆ ನೋಡಿ ಹಿಂದೆ ಮುಂದೆ ಸರಿಸಿ.

ನೀವು ಆ ಕುರ್ಚಿಯಲ್ಲಿ ಕೂತಿರುವಾಗ ಇನ್ನೊಬ್ಬರು ಪಕ್ಕದ ಗೋಡೆಯ ಮೇಲೆ ಕಿವಿಯ ಎತ್ತರದಲ್ಲಿ ಕನ್ನಡಿ ಸರಿಸುತ್ತಾ ಹೋಗಲಿ. ಕನ್ನಡಿಯಲ್ಲಿ ಎಡ ಸ್ಪೀಕರ್ ಕಂಡಲ್ಲಿ ಒಂದು ಟೇಪ್, ಬಲ ಸ್ಪೀಕರ್ ಕಂಡಲ್ಲಿ ಇನ್ನೊಂದು. ಪ್ಯಾನೆಲ್ ಎರಡೂ ಗುರುತನ್ನು ಮುಚ್ಚಬೇಕು. ಎರಡೂ ಬದಿ ಗೋಡೆಗೂ ಚಾವಣಿಗೂ ಹೀಗೇ ಮಾಡಿ.

ಈ ಅಳತೆಯ ಕೋಣೆಗೆ ಮೊದಲ ಸುತ್ತಿನಲ್ಲಿ 8 ಪ್ಯಾನೆಲ್ ತರಿಸಿ: ಮುಂದಿನ ಎರಡು ಮೂಲೆಗೆ ಒಂದರ ಮೇಲೊಂದರಂತೆ 4, ಬದಿ ಗೋಡೆಗೆ ಒಂದೊಂದು, ಚಾವಣಿಗೆ 2. ಅಳೆದು ನೋಡಿದ ಮೇಲೆ ಹಿಂದಿನ ಗೋಡೆಗೆ 2 ಅಥವಾ 3 ದಪ್ಪನೆಯವು. ಎಲ್ಲವನ್ನೂ ಒಂದೇ ದಿನ ಹಾಕಿದರೆ ಯಾವುದರಿಂದ ಏನು ಬದಲಾಯಿತು ಎಂದು ತಿಳಿಯುವುದಿಲ್ಲ.

ದಪ್ಪದ ವಿಚಾರಕ್ಕೆ ಬಂದರೆ, ಸದ್ದಿನ ಅಲೆಯ ಕಾಲು ಭಾಗದಷ್ಟು ಆಳ ಸಿಕ್ಕಾಗ ರಾಕ್‌ವೂಲ್ ಚೆನ್ನಾಗಿ ಹೀರುತ್ತದೆ. ಗೋಡೆಗೆ ಒತ್ತಿ ಕೂರಿಸಿದ 50 ಮಿ.ಮೀ. ಪ್ಯಾನೆಲ್‌ಗೆ ಈ ಲೆಕ್ಕ ಸುಮಾರು 1,700 ಹರ್ಟ್ಸ್. 100 ಮಿ.ಮೀ. ಪ್ಯಾನೆಲ್ ಹಾಕಿ ಹಿಂದೆ 100 ಮಿ.ಮೀ. ಖಾಲಿ ಬಿಟ್ಟರೆ 430 ಹರ್ಟ್ಸ್‌ಗೆ ಇಳಿಯುತ್ತದೆ. ಇದಕ್ಕಿಂತ ಕೆಳಗೂ ಹೀರುವಿಕೆ ಇರುತ್ತದೆ, ಆದರೆ ಮೆಲ್ಲನೆ ಕಡಿಮೆಯಾಗುತ್ತಾ ಹೋಗುತ್ತದೆ. ಹಿಂದಿನ ಖಾಲಿ ಜಾಗಕ್ಕೆ ದುಡ್ಡು ಕೊಡಬೇಕಿಲ್ಲ, ಬಳಸಿಕೊಳ್ಳಿ. ಮೊಟ್ಟೆ ಟ್ರೇ ಆಕಾರದ ತೆಳು ಫೋಮ್‌ನಿಂದ ಬೇಸ್‌ಗೆ ಏನೂ ಆಗುವುದಿಲ್ಲ. ಪಾಲಿಯುರೆಥೇನ್ ಫೋಮ್ ಬೆಂಕಿ ಹತ್ತಿದರೆ ವಿಷದ ಹೊಗೆ ಕಾರುತ್ತಾ ವೇಗವಾಗಿ ಉರಿಯುತ್ತದೆ, ಒಂದೇ ಬಾಗಿಲಿನ ಬಿಗಿ ಕೋಣೆಗೆ ಅದನ್ನು ತರಲೇಬೇಡಿ. ರಾಕ್‌ವೂಲ್ ಉರಿಯುವುದಿಲ್ಲ.

ಪ್ಯಾನೆಲ್‌ನ ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ ನೋಡಿ. ಉಸಿರು ಸರಾಗವಾಗಿ ದಾಟಿದರೆ ಸರಿ. ಸೆಣಬು, ಸಡಿಲ ನೇಯ್ಗೆಯ ಹತ್ತಿ ನಡೆಯುತ್ತವೆ. ರೆಕ್ಸಿನ್ ಹೊದಿಸಿದ ಪ್ಯಾನೆಲ್ ಮೇಲ್ಸ್ತರದ ಸದ್ದನ್ನು ವಾಪಸ್ ಎಸೆಯುತ್ತದೆ.

## ಹಂತ 4: ತೂಕದ ಲೆಕ್ಕ

600×1200×50 ಅಳತೆಯ, ಘನ ಮೀಟರ್‌ಗೆ 64 ಕೆ.ಜಿ. ಸಾಂದ್ರತೆಯ ರಾಕ್‌ವೂಲ್ 2.3 ಕೆ.ಜಿ. ತೂಗುತ್ತದೆ. ಮರದ ಚೌಕಟ್ಟು, ಬಟ್ಟೆ ಸೇರಿ ಒಟ್ಟು 4.5ರಿಂದ 5 ಕೆ.ಜಿ. 100 ಮಿ.ಮೀ. ದಪ್ಪದ್ದು 48 ಕೆ.ಜಿ. ಸಾಂದ್ರತೆಯಲ್ಲಿ ಚೌಕಟ್ಟು ಸೇರಿ 8 ಕೆ.ಜಿ. ಹತ್ತಿರ ಬರುತ್ತದೆ.

ಈಗ ಗೋಡೆ ಈಗಾಗಲೇ ಹೊತ್ತಿರುವುದನ್ನು ನೋಡಿ. 12.5 ಮಿ.ಮೀ. ಜಿಪ್ಸಮ್ ಎರಡು ಪದರ ಎಂದರೆ ಚದರ ಮೀಟರ್‌ಗೆ 17 ಕೆ.ಜಿ. ಆಸುಪಾಸು. ಕ್ಲಿಪ್‌ಗಳು 600×1200 ಮಿ.ಮೀ. ಅಂತರದಲ್ಲಿದ್ದರೆ ಒಂದು ಕ್ಲಿಪ್‌ನ ಪಾಲಿಗೆ 12 ಕೆ.ಜಿ. ಬರುತ್ತದೆ. ಅದರ ಮೇಲೆ 5 ಕೆ.ಜಿ. ಪ್ಯಾನೆಲ್ ಏರಿದರೆ 17. ಕ್ಲಿಪ್ ತಯಾರಕರು ಒಂದು ಕ್ಲಿಪ್‌ಗೆ ಕೊಟ್ಟಿರುವ ಮಿತಿಯನ್ನು ಹಾಳೆಯಲ್ಲಿ ಹುಡುಕಿ ಇದರೊಂದಿಗೆ ಹೋಲಿಸಿ. ಮಿತಿ ಮೀರಿದರೆ ಗೋಡೆ ಬೀಳುವುದಕ್ಕಿಂತ ಎಷ್ಟೋ ಮೊದಲೇ ರಬ್ಬರ್ ಅಮುಕಿಕೊಂಡು ತನ್ನ ಸ್ಪ್ರಿಂಗ್ ಗುಣ ಕಳೆದುಕೊಳ್ಳುತ್ತದೆ. ಗೋಡೆ ನೋಡಲು ಹಾಗೇ ಇರುತ್ತದೆ, ಬೇಸ್ ಮಾತ್ರ ದಾಟುತ್ತದೆ.

ಭಾರದ ಪ್ಯಾನೆಲ್‌ಗಳನ್ನು ನೆಲದ ಮೇಲೆ ನಿಲ್ಲಿಸುವುದೇ ಜಾಣತನ. ಮೂಲೆಯ 4 ಪ್ಯಾನೆಲ್‌ಗಳ ಭಾರ ಹೊರಲು ಒಂದು ಸ್ಕ್ರೂ ಕೂಡ ಬೇಕಿಲ್ಲ. ಹಿಂದಿನ ಗೋಡೆಯ 100 ಮಿ.ಮೀ. ಪ್ಯಾನೆಲ್‌ಗೂ ಟಿ ಆಕಾರದ ಮರದ ಕಾಲು ಹಾಕಿದರೆ ಬೇಕಾದಷ್ಟು ಅಂತರವೂ ಸಿಗುತ್ತದೆ. ಗೋಡೆಗೆ ನಿಜಕ್ಕೂ ನೇತುಹಾಕಬೇಕಾದದ್ದು ಬದಿಯ ಎರಡು, ಮತ್ತು ಚಾವಣಿಯವು.

## ಹಂತ 5: ಚಾನೆಲ್, ಕ್ಲಿಪ್, ವೈರ್ ಎಲ್ಲಿವೆ ಎಂದು ಹುಡುಕಿ

ಎಲೆಕ್ಟ್ರಾನಿಕ್ ಸ್ಟಡ್ ಫೈಂಡರ್‌ಗಳು ಎರಡು ಪದರ ಬೋರ್ಡಿನ ಮುಂದೆ ಗಲಿಬಿಲಿಗೊಳ್ಳುತ್ತವೆ. ಅಯಸ್ಕಾಂತ ನಂಬಿ. ಅದನ್ನು ಬಟ್ಟೆಯಲ್ಲಿ ಸುತ್ತಿ ಗೋಡೆಯ ಮೇಲೆ ನಿಧಾನವಾಗಿ ಆಡಿಸಿದರೆ ಪುಟ್ಟಿಯ ಕೆಳಗೆ ಹೂತ ಸ್ಕ್ರೂ ತಲೆಗಳ ಮೇಲೆ ಅಂಟಿ ನಿಲ್ಲುತ್ತದೆ. ಪ್ರತಿ ಕಡೆಯೂ ಟೇಪ್ ಚುಕ್ಕೆ ಇಡಿ. ಐದಾರು ಚುಕ್ಕೆ ಆದಾಗ ಸಾಲು ಕಾಣುತ್ತದೆ: ಅಡ್ಡಸಾಲು ಬಂದರೆ ಚಾನೆಲ್, ಲಂಬಸಾಲು ಬಂದರೆ ಸ್ಟಡ್. ಹಂತ 1ರ ಉತ್ತರ ಸರಿಯೇ ಎಂಬುದಕ್ಕೆ ಇದು ಎರಡನೆಯ ಸಾಕ್ಷಿ.

ಕ್ಲಿಪ್ ಇರುವ ಬಿಂದುಗಳು ಅಯಸ್ಕಾಂತಕ್ಕೆ ಸಿಗುವುದಿಲ್ಲ, ಫೋಟೋದಲ್ಲಿ ಮಾತ್ರ ಸಿಗುತ್ತವೆ. ಅವುಗಳ ಎರಡೂ ಬದಿಗೆ 50 ಮಿ.ಮೀ. ಬಿಟ್ಟೇ ಸ್ಕ್ರೂ ಹೊಡೆಯಿರಿ. ಕ್ಲಿಪ್‌ನ ನಡುವಿನ ಬೋಲ್ಟ್‌ಗೆ ನಿಮ್ಮ ಸ್ಕ್ರೂ ತಾಗಿದರೆ ರಬ್ಬರ್ ಇದ್ದೂ ಇಲ್ಲದಂತೆ.

ವೈರಿಂಗ್ ಪೈಪು ಇಟ್ಟಿಗೆ ಗೋಡೆಯಲ್ಲಿ ಸಾಮಾನ್ಯವಾಗಿ ನೇರ ಮೇಲಕ್ಕೋ ಕೆಳಕ್ಕೋ ಹೋಗುತ್ತದೆ. ಜಿಪ್ಸಮ್ ಗೋಡೆಯೊಳಗೆ ಬಳಸುವ ಬಾಗುವ ಪೈಪು ಹತ್ತಿರದ ದಾರಿ ಹಿಡಿದು ಓರೆಯಾಗಿಯೂ ಹೋಗಿರಬಹುದು. ಸ್ವಿಚ್ ಬಾಕ್ಸ್‌ನ ನೇರಕ್ಕೆ ಎರಡೂ ಬದಿ 150 ಮಿ.ಮೀ. ಬಿಡಿ, ಟೆಸ್ಟರ್ ಆಡಿಸಿ ನೋಡಿ, ಕೊರೆಯುವಾಗ ಆ ಕೋಣೆಯ ಎಂಸಿಬಿ ಆಫ್ ಇರಲಿ. ಡ್ರಿಲ್‌ಗೆ ಪಕ್ಕದ ಕೋಣೆಯಿಂದ ವೈರ್ ಎಳೆದುಕೊಳ್ಳಿ.

ಹೊರಗೋಡೆಯಾದರೆ ತೇವದ ಪರೀಕ್ಷೆಯೂ ಆಗಲಿ, ಕರಾವಳಿ ಮತ್ತು ಮಲೆನಾಡಿನವರು ಇದನ್ನು ಬಿಡಲೇಬಾರದು. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ 24 ಗಂಟೆ ಬಿಡಿ. ಒಳಬದಿಯಲ್ಲಿ ನೀರಹನಿ ಕಂಡರೆ ಮೊದಲು ತೇವ ಬರುವ ದಾರಿ ಮುಚ್ಚಿಸಿ. ರಾಕ್‌ವೂಲ್‌ಗೆ ಬೂಷ್ಟು ಹಿಡಿಯದಿದ್ದರೂ ಅದರ ಬಟ್ಟೆ ಮತ್ತು ಮರದ ಚೌಕಟ್ಟಿಗೆ ಹಿಡಿಯುತ್ತದೆ.

## ಹಂತ 6: ಸ್ಕ್ರೂ ಉದ್ದ ಮತ್ತು ಆಂಕರ್ ಆಯ್ಕೆ

ಲೆಕ್ಕ ಇದು: ಪಟ್ಟಿಯ ದಪ್ಪ, ಬೋರ್ಡುಗಳ ದಪ್ಪ, ಚಾನೆಲ್ ಆಳದ ಮೂರನೇ ಎರಡು ಭಾಗ. ಈ ಮೂರರ ಮೊತ್ತವನ್ನು ಸ್ಕ್ರೂ ಮೀರಬಾರದು.

ಕ್ಲಿಪ್ ಗೋಡೆಗೆ 12+25+14 ಸೇರಿ 51, ಹಾಗಾಗಿ 50 ಮಿ.ಮೀ. ಸ್ಕ್ರೂ. ರೆಸಿಲಿಯೆಂಟ್ ಚಾನೆಲ್‌ಗೆ 12+25+8 ಸೇರಿ 45. ಅಲ್ಲಿ 50ರ ಸ್ಕ್ರೂ ಹಾಕಿದರೆ ತುದಿ ಸರಿಯಾಗಿ ಸ್ಟಡ್‌ನ ಮುಖಕ್ಕೆ ಹೋಗಿ ನಿಲ್ಲುತ್ತದೆ. 5 ಮಿ.ಮೀ. ವ್ಯತ್ಯಾಸಕ್ಕೆ ಇಡೀ ಗೋಡೆಯ ಖರ್ಚು ನೀರಿಗೆ ಹೋಗುವುದು ಇಲ್ಲಿಯೇ. ಪ್ರತ್ಯೇಕ ಚೌಕಟ್ಟಿನ ಗೋಡೆಗೆ, ಸ್ಟಡ್ ಮೇಲೆ 50 ಮಿ.ಮೀ. ಸಾಕೋ ಸಾಕು.

ಒಂದು ತುಂಡು ಪಟ್ಟಿ, ಎರಡು ತುಂಡು ಬೋರ್ಡು ಜೋಡಿಸಿ ಮೇಜಿನ ಮೇಲೆ ಸ್ಕ್ರೂ ತೂರಿಸಿ ನೋಡಿ. ಹಿಂದೆ ಇಣುಕಿದ ತುದಿಯನ್ನು ಸ್ಕೇಲ್‌ನಲ್ಲಿ ಅಳೆಯಿರಿ. ಡಬ್ಬಿಯ ಮೇಲಿನ ಅಂಕಿಗಿಂತ ಇದು ಭರವಸೆಯದು.

ಚಾನೆಲ್ ಸಿಗದ ಜಾಗದಲ್ಲಿ ಬೋರ್ಡಿಗೇ ಆಂಕರ್ ಹಾಕಬೇಕಾಗುತ್ತದೆ. 5 ಕೆ.ಜಿ. ಒಳಗಿನ ಪ್ಯಾನೆಲ್‌ಗೆ 4 ಆಂಕರ್ ಇರಲಿ. ಅಂಗಡಿಯಲ್ಲಿ ಸಿಗುವ ಅರಳುವ ಲೋಹದ ಆಂಕರ್‌ಗಳು ಬಹುಪಾಲು ಒಂದೇ ಪದರ, ಅಂದರೆ 12ರಿಂದ 16 ಮಿ.ಮೀ. ಬೋರ್ಡಿಗೆ ಮಾಡಿದವು. 25 ಮಿ.ಮೀ. ಬೋರ್ಡಿನೊಳಗೆ ಅವು ಅರಳಲು ಜಾಗವಿಲ್ಲದೆ ಜಿಪ್ಸಮನ್ನು ಒಳಗೇ ಪುಡಿಮಾಡುತ್ತವೆ. ಬಿಗಿಯುವಾಗ ಗಟ್ಟಿ ಸಿಕ್ಕಂತೆ ಅನಿಸುತ್ತದೆ. ಕೆಲವೇ ದಿನಗಳಲ್ಲಿ ಪ್ಯಾನೆಲ್ ಮುಂದಕ್ಕೆ ಬಾಗುತ್ತದೆ. ಕಟ್ಟಿನ ಮೇಲೆ ಬರೆದಿರುವ ಹಿಡಿತದ ಅಳತೆಯಲ್ಲಿ 25 ಸೇರಿದೆಯೇ ಎಂದು ನೋಡಿಯೇ ಕೊಳ್ಳಿ.

ಟಾಗಲ್ ಬೋಲ್ಟ್‌ಗೆ ಹಿಡಿತ ಹೆಚ್ಚು, ಆದರೆ ಅದರ ರೆಕ್ಕೆ ತೆರೆಯಲು ಬೋರ್ಡಿನ ಹಿಂದೆ 45-50 ಮಿ.ಮೀ. ಖಾಲಿ ಬೇಕು. ಬ್ಲಾಕ್‌ಗೆ ಬಿಗಿದ ಕ್ಲಿಪ್ ಗೋಡೆಯಲ್ಲಿ ಇರುವುದೇ 41. ರೆಕ್ಕೆ ಬ್ಲಾಕ್‌ಗೆ ಒರಗಿ ನಿಂತರೆ ನೀವೇ ಕೈಯಾರೆ ಸೇತುವೆ ಕಟ್ಟಿದಂತೆ. ಸ್ಟಡ್‌ಗಳ ನಡುವೆ ಆಳ ಇರುವ ಗೋಡೆಗೆ ಮಾತ್ರ ಟಾಗಲ್ ಬಳಸಿ.

ಗಮ್, ಡಬಲ್ ಟೇಪ್ ಹಚ್ಚಿ ಮುಗಿಸುವ ಆಸೆ ಬಂದರೆ ತಡೆದುಕೊಳ್ಳಿ. ಗಮ್ ಹಿಡಿಯುವುದು ಪೇಂಟನ್ನು, ಪೇಂಟ್ ಹಿಡಿದಿರುವುದು ಪುಟ್ಟಿಯನ್ನು, ಪುಟ್ಟಿ ಹಿಡಿದಿರುವುದು ಬೋರ್ಡಿನ ಕಾಗದವನ್ನು. 5 ಕೆ.ಜಿ. ಭಾರಕ್ಕೆ ಇವುಗಳಲ್ಲಿ ಒಂದು ಕಿತ್ತು ಬರುತ್ತದೆ. 9 ಮಿ.ಮೀ. ಪಾಲಿಯೆಸ್ಟರ್ ಫೆಲ್ಟ್ ಹಾಳೆಯಂಥ ಹಗುರ ವಸ್ತುವಿಗೆ ಗಮ್ ಸಾಕು.

## ಹಂತ 7: ಪಟ್ಟಿ ಬಿಗಿಯುವುದು

12 ಮಿ.ಮೀ. ಪ್ಲೈನಿಂದ ಪ್ರತಿ ಪ್ಯಾನೆಲ್‌ಗೆ 60 ಮಿ.ಮೀ. ಅಗಲ, 750 ಮಿ.ಮೀ. ಉದ್ದದ ಎರಡು ಪಟ್ಟಿ ಕೊಯ್ಸಿ. ಇವು ನೆಟ್ಟಗೆ ನಿಂತು ಎರಡು ಅಡ್ಡ ಚಾನೆಲ್‌ಗಳನ್ನು ದಾಟುತ್ತವೆ. ಜೊತೆಗೆ 500 ಮಿ.ಮೀ. ಉದ್ದದ ಒಂದು ಪಟ್ಟಿಯನ್ನು ಉದ್ದಕ್ಕೂ 45 ಡಿಗ್ರಿ ಓರೆಯಲ್ಲಿ ಸೀಳಿಸಿ. ಒಂದು ಭಾಗ ಗೋಡೆಯ ಕಡೆಗೆ, ಇನ್ನೊಂದು ಪ್ಯಾನೆಲ್ ಬೆನ್ನಿಗೆ. ಫ್ರೆಂಚ್ ಕ್ಲೀಟ್ ಎಂದರೆ ಬಡಗಿಗೆ ಗೊತ್ತಾಗುತ್ತದೆ. ಗೋಡೆಯ ತುಂಡಿನ ಓರೆ ಮೇಲ್ಮುಖವಾಗಿ ಗೋಡೆಯತ್ತ ಇಳಿಯಬೇಕು, ಉಲ್ಟಾ ಆದರೆ ಪ್ಯಾನೆಲ್ ಜಾರಿ ಬೀಳುತ್ತದೆ.

ಮೊದಲು ಪಟ್ಟಿಗಳಲ್ಲಿ ಮೇಜಿನ ಮೇಲೆಯೇ 4 ಮಿ.ಮೀ. ತೂತು ಹಾಕಿಕೊಳ್ಳಿ. ಪಟ್ಟಿಯನ್ನು ಗೋಡೆಗೆ ಹಿಡಿದು, ರಸಮಟ್ಟ ನೋಡಿ, ಪ್ರತಿ ಚಾನೆಲ್ ಮೇಲೆ ಎರಡು ಸ್ಕ್ರೂ. ತಿರುಗಿಸುವ ಮೊದಲು ತುದಿಗೆ ಒಂದು ಚೂರು ಸೀಲೆಂಟ್ ಮೆತ್ತಿ. ಸ್ಕ್ರೂ ತನ್ನ ತೂತನ್ನು ತಾನೇ ಮುಚ್ಚಿಕೊಳ್ಳುತ್ತದೆ.

ಡ್ರಿಲ್‌ನ ವೇಗ ಕಡಿಮೆ ಇರಲಿ, ಮೈಭಾರ ಹಾಕಿ ಒತ್ತಬೇಡಿ. ಚಾನೆಲ್ ರಬ್ಬರ್ ಮೇಲೆ ಕೂತಿರುವುದರಿಂದ ಒತ್ತಿದಷ್ಟೂ ಹಿಂದಕ್ಕೆ ಸರಿಯುತ್ತದೆ, ಸ್ಕ್ರೂ ತೂರುವುದಿಲ್ಲ. ಚೂಪು ಮೊನೆಯ ಹೊಸ ಸ್ಕ್ರೂ ಬಳಸಿ. ಕಚ್ಚಿದ ಮೇಲೆ ಒಂದೆರಡು ಸುತ್ತು ಆದೊಡನೆ ನಿಲ್ಲಿಸಿ, ಅತಿಯಾಗಿ ಬಿಗಿದರೆ ತೆಳು ತಗಡಿನ ಎಳೆ ಕಿತ್ತುಹೋಗಿ ಸ್ಕ್ರೂ ಗಿರಕಿ ಹೊಡೆಯುತ್ತದೆ. ಹಾಗಾದರೆ ಅದನ್ನು ತೆಗೆದು 25 ಮಿ.ಮೀ. ಪಕ್ಕಕ್ಕೆ ಹೊಸದು ಹಾಕಿ. ಉದ್ದನೆಯ ಸ್ಕ್ರೂ ಅದಕ್ಕೆ ಪರಿಹಾರವಲ್ಲ.

ಆಂಕರ್‌ಗೆ ತೂತು ಕೊರೆಯುವಾಗ ಬಿಟ್ ಮೇಲೆ 30 ಮಿ.ಮೀ.ಗೆ ಟೇಪ್ ಸುತ್ತಿ, ಅಲ್ಲಿಗೆ ನಿಲ್ಲಿಸಿ. ಹ್ಯಾಮರ್ ಮೋಡ್‌ನಲ್ಲಿ ಕೊರೆದರೆ ಬೋರ್ಡಿನ ಹಿಂಬದಿಯ ಕಾಗದ ಸಿಡಿದು, ಕಾಣದ ಕಡೆ ಅಂಗೈ ಅಗಲದ ಗುಂಡಿ ಬೀಳುತ್ತದೆ.

ಕೆಳಗೆ ಬೀಳುವ ಪುಡಿಯನ್ನು ನೋಡುತ್ತಲೇ ಇರಿ. ಬಿಳಿ ಪುಡಿ ಬಂದರೆ ಜಿಪ್ಸಮ್, ದಾರಿ ಸರಿ. ಮಿನುಗುವ ಸಣ್ಣ ಸುರುಳಿ ಬಂದರೆ ಚಾನೆಲ್. ಬಿಟ್‌ಗೆ ಹಳದಿ ಮಿಶ್ರಿತ ಎಳೆ ಸುತ್ತಿಕೊಂಡರೆ ರಾಕ್‌ವೂಲ್ ಮುಟ್ಟಿದ್ದೀರಿ, ಸಾಕು. ಕೆಂಪು ಅಥವಾ ಬೂದು ಪುಡಿ ಕಂಡರೆ ಹಿಂದಿನ ಇಟ್ಟಿಗೆಗೋ ಬ್ಲಾಕ್‌ಗೋ ತಲುಪಿಯಾಗಿದೆ. ಆ ಕ್ಷಣ ನಿಲ್ಲಿಸಿ, ಆ ತೂತನ್ನು ಕೈಬಿಟ್ಟು ಸೀಲೆಂಟ್ ತುಂಬಿ.

ನೆಟ್ಟಗಿನ ಪಟ್ಟಿಗಳ ಮೇಲೆ ಕ್ಲೀಟ್ ಕೂರಿಸಲು ಫೆವಿಕಾಲ್ ಹಚ್ಚಿ 20 ಮಿ.ಮೀ. ಸ್ಕ್ರೂ. 25 ಹಾಕಿದರೆ ಬೋರ್ಡನ್ನು ತಳ್ಳಿ ಪಟ್ಟಿಯನ್ನು ಎಬ್ಬಿಸುತ್ತದೆ.

## ಹಂತ 8: ಬದಿ ಗೋಡೆ ಮತ್ತು ಮೂಲೆ

ಪ್ಯಾನೆಲ್ ಎತ್ತಿ ಕ್ಲೀಟ್ ಮೇಲೆ ಇಳಿಸಿ. ಈಗಲೇ ಹಿಂದೆ 24 ಮಿ.ಮೀ. ಜಾಗ ಸಿಕ್ಕಿದೆ, ಗಾಳಿಯಾಡಲೂ ಅದು ಬೇಕು. ಕೆಳ ಅಂಚಿಗೆ ಅಷ್ಟೇ ದಪ್ಪದ ಎರಡು ಮರದ ತುಂಡು ಇಟ್ಟು, ಅವು ಗೋಡೆ ಮುಟ್ಟುವ ಕಡೆ ಫೆಲ್ಟ್ ಅಂಟಿಸಿ. 50 ಮಿ.ಮೀ. ಅಂತರ ಬೇಕೆಂದರೆ ಪ್ಯಾನೆಲ್ ಬೆನ್ನಿನ ಕ್ಲೀಟ್‌ನ ಕೆಳಗೆ ಇನ್ನೂ ಎರಡು ಪದರ ಪ್ಲೈ ಸೇರಿಸಿ, ಕೆಳಗಿನ ತುಂಡುಗಳನ್ನೂ ಅಷ್ಟೇ ದಪ್ಪ ಮಾಡಿ.

ಮೂಲೆಯ ಪ್ಯಾನೆಲ್‌ಗಳನ್ನು ಓರೆಯಾಗಿ ನಿಲ್ಲಿಸಿ, ಹಿಂದೆ ತ್ರಿಕೋನಾಕಾರದ ಖಾಲಿ ಉಳಿಯಲಿ. ಬೀಳದಂತೆ ಒಂದು ಬದಿಯ ಗೋಡೆಗೆ ಮಾತ್ರ ಸಣ್ಣ ಕೊಂಡಿ ಸಾಕು. ಮೇಲಿನ ಪ್ಯಾನೆಲ್ ಚಾವಣಿಗೆ ತಾಗದಂತೆ ಕನಿಷ್ಠ 20 ಮಿ.ಮೀ. ಬಿಡಿ. ನೆಲದಿಂದ ಚಾವಣಿವರೆಗೆ ಬಿಗಿಯಾಗಿ ಸಿಕ್ಕಿಸಿದ ಮರದ ಚೌಕಟ್ಟು ಸೀಲೆಂಟ್ ಸಂದುಗಳನ್ನು ತಳ್ಳಿ ತೆರೆಯುತ್ತದೆ, ಚಾವಣಿಯ ಕಂಪನವನ್ನೂ ನೆಲಕ್ಕೆ ಇಳಿಸುತ್ತದೆ.

ಏಸಿ ಗಾಳಿಯ ದಾರಿಗೆ, ಹೊರಗಾಳಿ ಬರುವ ಡಕ್ಟ್ ಬಾಯಿಗೆ ಅಡ್ಡವಾಗಿ ಯಾವ ಪ್ಯಾನೆಲ್ ಬೇಡ. ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ಉಸಿರಿಗೆ ಇರುವುದು ಅದೊಂದೇ.

## ಹಂತ 9: ಚಾವಣಿ

ತಲೆಯ ಮೇಲಿನ ಭಾರಕ್ಕೆ ಜಿಪ್ಸಮ್ ಆಂಕರ್ ಯಾವುದೂ ಬೇಡ, ಪ್ಯಾಕೆಟ್ ಮೇಲೆ ಎಷ್ಟೇ ಕೆ.ಜಿ. ಬರೆದಿದ್ದರೂ. ಆಂಕರ್ ನಿಧಾನವಾಗಿ ಸಡಿಲವಾಗಿ ಒಂದು ದಿನ ಬಿಟ್ಟುಬಿಡುತ್ತದೆ. ಮೇಲಿನ ಸ್ಲ್ಯಾಬ್‌ಗೆ ನೇರ ರಾಡ್ ಬಿಡುವುದೂ ಬೇಡ, ಅದು ಸ್ಲ್ಯಾಬ್‌ನಿಂದ ಬೇರ್ಪಡಿಸಿ ತೂಗುಬಿಟ್ಟ ಚಾವಣಿಯನ್ನೇ ವ್ಯರ್ಥ ಮಾಡುತ್ತದೆ.

18 ಮಿ.ಮೀ. ಪ್ಲೈನ ಎರಡು ಪಟ್ಟಿ ತೆಗೆದುಕೊಂಡು ಪ್ರತಿಯೊಂದೂ ಕನಿಷ್ಠ ಮೂರು ಚಾನೆಲ್ ದಾಟುವಂತೆ ಅಡ್ಡ ಬಿಗಿಯಿರಿ. 18+25+14ರ ಲೆಕ್ಕದಲ್ಲಿ 55 ಮಿ.ಮೀ. ಸ್ಕ್ರೂ, ಪ್ರತಿ ಚಾನೆಲ್‌ಗೆ ಎರಡು. ಪಟ್ಟಿ ಮೇಲೇರಿಸುವ ಮೊದಲೇ ಅದರಲ್ಲಿ 6 ಮಿ.ಮೀ. ಬೋಲ್ಟ್‌ಗಳನ್ನು ಹಿಂದಿನಿಂದ ತೂರಿಸಿ, ತಲೆ ಪ್ಲೈನೊಳಗೆ ಮುಳುಗುವಂತೆ ಕೂರಿಸಿಕೊಳ್ಳಿ. ಪ್ಲೈಗೆ ಕೊಕ್ಕೆ ತಿರುಪುವುದಕ್ಕಿಂತ ಇದು ಎಷ್ಟೋ ಭದ್ರ. ಒಂದೊಂದು ಪ್ಯಾನೆಲ್‌ಗೆ ನಾಲ್ಕು ಕಡೆ ಸರಪಳಿ, ಸುಮಾರು 100 ಮಿ.ಮೀ. ಅಂತರ, ಜೊತೆಗೆ ಸ್ವಲ್ಪ ಸಡಿಲವಾದ ಒಂದು ಉಕ್ಕಿನ ತಂತಿ ಬೇರೆ ಬಿಂದುವಿನಿಂದ. 50 ಮಿ.ಮೀ.ಗಿಂತ ದಪ್ಪದ ಪ್ಯಾನೆಲ್ ಚಾವಣಿಗೆ ಬೇಡ. ಇಬ್ಬರಿಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಚಾವಣಿ ಕಟ್ಟಿದವರಿಂದ ಚಾನೆಲ್ ಎಷ್ಟು ಭಾರ ತಡೆಯುತ್ತದೆ ಎಂಬ ಉತ್ತರ ಸಿಗದಿದ್ದರೆ ನೆಲದಿಂದ ಎರಡು ಕಂಬ ನಿಲ್ಲಿಸಿ ಅದರ ಮೇಲೆ ಪ್ಯಾನೆಲ್ ಮಲಗಿಸಿ.

## ಹಂತ 10: ಪರೀಕ್ಷೆ, ಎಚ್ಚರಿಕೆಯ ಗುರುತು, ದುರಸ್ತಿ

ಮೊದಲು ಗಡಗಡ ಸದ್ದು ಹುಡುಕಿ. ಸ್ಪೀಕರ್‌ನಲ್ಲಿ 30ರಿಂದ 200 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಶುದ್ಧ ಸ್ವರ ಹಾಕಿ, ಒಂದೊಂದೇ ಪ್ಯಾನೆಲ್ ಬಳಿ ಕಿವಿ ಇಡಿ. ಕ್ಲೀಟ್ ಅದುರಿದರೆ ಓರೆ ಮುಖಗಳ ನಡುವೆ ತೆಳು ಫೆಲ್ಟ್, ಮೂಲೆ ಅದುರಿದರೆ ಫೋಮ್ ಟೇಪ್.

ಆಮೇಲೆ ಹಂತ 2ರ ಅಳತೆಯನ್ನು ಅಕ್ಷರಶಃ ಹಾಗೆಯೇ ಮತ್ತೆ ಮಾಡಿ. ಪ್ಯಾನೆಲ್ ಹೀರುವುದರಿಂದ ಒಳಗಿನ ಮಟ್ಟ ಇಳಿದಿರುತ್ತದೆ, ಮತ್ತೆ 85ಕ್ಕೆ ತಂದು ಹೊರಗೆ ಅಳೆಯಿರಿ. ಹೊರಗೆ 3 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚು ಏರಿದ್ದರೆ ಸೇತುವೆ ಆಗಿದೆ ಎಂದು ಶಂಕಿಸಿ. ಪ್ಯಾನೆಲ್ ಸುತ್ತ ಬೋರ್ಡನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ: ಬೇರೆಡೆ ದಪ್ಪಗೆ ಕೇಳುವ ಸದ್ದು ಒಂದು ಜಾಗದಲ್ಲಿ ಗಟ್ಟಿಯಾಗಿ, ಚಿಕ್ಕದಾಗಿ ಕೇಳಿದರೆ ಅಲ್ಲಿನ ಸ್ಕ್ರೂ ಹಿಂದೆ ತಾಗಿರಬಹುದು. ಒಂದೊಂದೇ ಸ್ಕ್ರೂ ಬಿಚ್ಚಿ ಅಳೆಯುತ್ತಾ ಹೋಗಿ, ಅಪರಾಧಿ ಸಿಗುತ್ತದೆ.

ಮುಂದಿನ ತಿಂಗಳುಗಳಲ್ಲಿ ಕಣ್ಣಿಡಬೇಕಾದವು: ಬೋರ್ಡು ಕೂಡುವ ಗೆರೆಯಲ್ಲಿ ಕೂದಲೆಳೆಯ ಬಿರುಕು, ಸ್ಕ್ರೂ ತಲೆಯ ಸುತ್ತ ಪೇಂಟ್ ಉಬ್ಬು, ನೆಲದ ಅಂಚಿನ ಸೀಲೆಂಟ್ ಸಂದು ಕಿರಿದಾಗುವುದು. ಮೂರನೆಯದು ಕಂಡರೆ ಗೋಡೆ ಭಾರಕ್ಕೆ ಕೆಳಗಿಳಿಯುತ್ತಿದೆ; ಪ್ಯಾನೆಲ್‌ಗಳನ್ನು ತಕ್ಷಣ ಇಳಿಸಿ.

ಕೈಬಿಟ್ಟ ತೂತುಗಳನ್ನು ಹಾಗೇ ಬಿಡಬೇಡಿ. ಗೋಡೆಯ ಹತ್ತು ಸಾವಿರದಲ್ಲಿ ಒಂದು ಭಾಗ ಆರಪಾರ ತೆರೆದಿದ್ದರೂ, ಉಳಿದ ಗೋಡೆ ಎಷ್ಟೇ ಗಟ್ಟಿಯಿರಲಿ, ತಡೆ 40 ಡೆಸಿಬಲ್ ದಾಟುವುದಿಲ್ಲ. 12 ಅಡಿ ಉದ್ದ, 10 ಅಡಿ ಎತ್ತರದ ಗೋಡೆಗೆ ಆ ಭಾಗ ಎಂದರೆ 13 ಮಿ.ಮೀ.ಯ ಎಂಟು ಟಾಗಲ್ ತೂತುಗಳಷ್ಟೇ. ತೂತು ಒಳಪದರದಲ್ಲಿ ಮಾತ್ರ ಇದ್ದರೆ ಹಾನಿ ಇದಕ್ಕಿಂತ ಕಡಿಮೆ, ಆದರೂ ಮುಚ್ಚಲೇಬೇಕು. ಬಾಯಿಗೆ ಪುಟ್ಟಿ ಸವರಿದರೆ ಅದು ಒಣಗಿ ಕುಗ್ಗಿ ಬಿರುಕು ಬಿಡುತ್ತದೆ. ಸೀಲೆಂಟ್ ಗನ್‌ನ ಮೂತಿಯನ್ನು ತೂತಿನೊಳಗೆ ಇಳಿಸಿ, ಹಿಂದಿನಿಂದ ತುಂಬುತ್ತಾ ಹೊರಗೆ ಬನ್ನಿ. ಒಂದು ದಿನ ಆರಿದ ಮೇಲೆ ಮೇಲ್ಮೈಗೆ ತೆಳುವಾಗಿ ಪುಟ್ಟಿ, ಆಮೇಲೆ ಪೇಂಟ್.